ಶಾಂಪೇನ್ ಕೌಂಟಿ: ಸಂತೆಯಿಂದ ಬೆಳೆದು ಮದುವೆಯಲ್ಲಿ ಕರಗಿದ ಸೀಮೆ

ಪ್ಯಾರಿಸ್ಸಿನ ಪೂರ್ವಕ್ಕೆ ಮಾರ್ನ್, ಸೇನ್, ಓಬ್ ನದಿಗಳು ಹರಿಯುವ ಸುಣ್ಣಮಣ್ಣಿನ ಬಯಲುಸೀಮೆಯೇ ಶಾಂಪೇನ್. ಇವತ್ತು ಆ ಹೆಸರು ಕೇಳಿದರೆ ನೊರೆಯುಕ್ಕುವ ದ್ರಾಕ್ಷಾರಸ ನೆನಪಾಗುತ್ತದೆ. ಆದರೆ ಆ ಪಾನೀಯ ಹೆಸರು ಮಾಡಿದ್ದು 17 ಮತ್ತು 18ನೆಯ ಶತಮಾನಗಳಲ್ಲಿ, ಈ ಸೀಮೆಯನ್ನು ಆಳಿದ ಕೌಂಟರ ವಂಶ ಮುಗಿದು ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಕೌಂಟರ ಕಾಲದಲ್ಲಿ ಶಾಂಪೇನ್ ಯುರೋಪಿಗೆಲ್ಲ ಗೊತ್ತಿದ್ದುದು ತನ್ನ ಸಂತೆಗಳಿಂದ. ಇಟಲಿಯ ಸಾಹುಕಾರರೂ ಫ್ಲಾಂಡರ್ಸಿನ ಬಟ್ಟೆ ವರ್ತಕರೂ ಮುಖಾಮುಖಿಯಾಗುತ್ತಿದ್ದ ಜಾಗ ಇದು. ಇಲ್ಲಿ ಬಂದರಿಲ್ಲ, ಗಣಿಯಿಲ್ಲ. ಕಾವೇರಿ ಬಯಲಿನಂಥ ಫಲವತ್ತಾದ ನೆಲವೂ ಇದರ ಬಹುಭಾಗಕ್ಕಿಲ್ಲ. ಇಷ್ಟಾಗಿಯೂ ಇಲ್ಲಿನ ಒಡೆಯರು ಸುಮಾರು ಎರಡು ಶತಮಾನ ಫ್ರಾನ್ಸಿನ ರಾಜರಿಗೆ ಸರಿಸಮನಾಗಿ ನಿಂತರು.

ಕೌಂಟ್ ಎಂದರೆ ಮೊದಲಿಗೆ ಚಕ್ರವರ್ತಿ ನೇಮಿಸಿದ ಅಧಿಕಾರಿ. ಷಾರ್ಲ್‌ಮೇನನ ಸಾಮ್ರಾಜ್ಯ ಒಡೆದು ಚೂರಾದಾಗ ಈ ಅಧಿಕಾರಿಗಳು ತಮ್ಮ ಸೀಮೆಯನ್ನು ಮಕ್ಕಳಿಗೆ ಬಿಟ್ಟುಹೋಗುವ ಒಡೆಯರಾದರು. 10ನೆಯ ಶತಮಾನದಲ್ಲಿ ಹೀಗೆ ತಲೆಯೆತ್ತಿದವರಲ್ಲಿ ವೆರ್ಮಾಂದುವಾ ಮನೆತನದ ಎರಡನೆಯ ಎರ್ಬೆರ್ ಅತ್ಯಂತ ನಿರ್ದಾಕ್ಷಿಣ್ಯದವನು. 923ರಲ್ಲಿ ರಾಜ ಸರಳ ಚಾರ್ಲ್ಸನನ್ನೇ ಮೋಸದಿಂದ ಹಿಡಿದು ಸೆರೆಯಲ್ಲಿಟ್ಟ. ಆ ರಾಜ 929ರಲ್ಲಿ ಪೆರೊನ್ ಕೋಟೆಯ ಬಂದಿಯಾಗಿಯೇ ಸತ್ತ. ಎರ್ಬೆರನ ವಂಶದವರ ಕೈಗೆ ಪ್ಯಾರಿಸ್ಸಿನ ಹತ್ತಿರದ ಮೋ, ಸೇನ್ ನದಿಯ ಮೇಲಿನ ತ್ರುವಾ, ಇವೆರಡು ಪಟ್ಟಣಗಳು ಬಂದವು. ಮುಂದಿನ ಶಾಂಪೇನ್ ಕೌಂಟಿಯ ಎರಡು ಕೊನೆಗಳು ಇವೇ.

ಆ ವಂಶ 1022ರ ಸುಮಾರಿಗೆ ಮಕ್ಕಳಿಲ್ಲದೆ ಅಳಿಯಿತು. ದೂರದ ನೆಂಟಸ್ತಿಕೆ ಹೇಳಿಕೊಂಡು ಬ್ಲುವಾದ ಕೌಂಟ್ ಎರಡನೆಯ ಓಡೊ ಸೀಮೆಯನ್ನು ಆಕ್ರಮಿಸಿದ. ಪ್ಯಾರಿಸ್ಸಿನ ಪಶ್ಚಿಮದಲ್ಲಿ ಬ್ಲುವಾ ಮತ್ತು ಶಾರ್ತ್ರ್, ಪೂರ್ವದಲ್ಲಿ ತ್ರುವಾ ಮತ್ತು ಮೋ, ನಡುವೆ ಇಕ್ಕಟ್ಟಿನಲ್ಲಿ ಸಿಕ್ಕ ರಾಜ: ಫ್ರಾನ್ಸಿನ ಮುಂದಿನ ಇನ್ನೂರು ವರ್ಷದ ರಾಜಕೀಯದಲ್ಲಿ ಈ ನಕ್ಷೆಯ ನೆರಳು ಕಾಣುತ್ತದೆ. ಓಡೊನ ಆಸೆ ಅಲ್ಲಿಗೂ ನಿಲ್ಲಲಿಲ್ಲ. ಬರ್ಗಂಡಿಯ ಸಿಂಹಾಸನಕ್ಕೆ ಕೈಚಾಚಿದ, ಲೋರೆನ್ ಮೇಲೆ ದಂಡೆತ್ತಿ ಹೋಗಿ 1037ರಲ್ಲಿ ಬಾರ್ ಬಳಿಯ ಕಾಳಗದಲ್ಲಿ ಬಿದ್ದ. ಮಕ್ಕಳು ಆಸ್ತಿ ಹಂಚಿಕೊಂಡರು. ಅವರಲ್ಲೊಬ್ಬನಾದ ಮೊದಲನೆಯ ತಿಬೊ ಮುಂದೆ ತನ್ನ ಸೋದರನ ಮಗನನ್ನು ಹೊರದಬ್ಬಿ ಎರಡು ಪಾಲನ್ನೂ ಮತ್ತೆ ಒಂದು ಮಾಡಿದ. ಹಕ್ಕು ಕಳೆದುಕೊಂಡ ಹುಡುಗ ನಾರ್ಮನ್ನರ ಜೊತೆ ಸೇರಿ ಇಂಗ್ಲೆಂಡಿನಲ್ಲಿ ಜಮೀನು ಸಂಪಾದಿಸಿದ.

ಶಾಂಪೇನಿನ ಕೌಂಟ್ ಎಂಬ ಬಿರುದು ರೂಢಿಗೆ ಬಂದದ್ದು ಮೊದಲನೆಯ ತಿಬೊನ ಮಗ ಯೂಗ್‌ನ ಕಾಲಕ್ಕೆ, 1093ರ ನಂತರ. ಈತನ ಮನಸ್ಸು ರಾಜ್ಯಭಾರಕ್ಕಿಂತ ಜೆರುಸಲೇಮಿನ ಕಡೆಗೇ ಇತ್ತು. 1115ರಲ್ಲಿ ಬರ್ನಾರ್ಡ್ ಎಂಬ ಯುವ ಸನ್ಯಾಸಿ ಸಿಸ್ಟರ್ಷಿಯನ್ ಮಠ ಕಟ್ಟಲು ಕ್ಲೆರ್ವೊ ಕಣಿವೆಯನ್ನು ಪಡೆದದ್ದು ಈತನಿಂದ. ಆ ಮಠದಿಂದ ಹೊರಟ ಬರ್ನಾರ್ಡನ ಮಾತಿಗೆ ಮುಂದೆ ಪೋಪರೂ ತಲೆಬಾಗಿದರು. ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಪಂಥ ಕಟ್ಟಿದ ಯೂಗ್ ದ ಪಾಯಾಂ ಇದೇ ಕೌಂಟನ ಸಾಮಂತ. 1125ರಲ್ಲಿ ಒಡೆಯನೇ ತನ್ನ ಸಾಮಂತನ ಪಂಥ ಸೇರಿದ. ಹೋಗುವ ಮುನ್ನ, ಹೆಂಡತಿ ಹೆತ್ತ ಮಗ ತನ್ನವನಲ್ಲವೆಂದು ಅವನಿಗೆ ಉತ್ತರಾಧಿಕಾರ ತಪ್ಪಿಸಿ, ಸೀಮೆಯನ್ನು ಅಣ್ಣನ ಮಗ ಎರಡನೆಯ ತಿಬೊನಿಗೆ ವಹಿಸಿದ. ಟೆಂಪ್ಲರರ ನಿಯಮಾವಳಿಗೆ ಒಪ್ಪಿಗೆ ಸಿಕ್ಕ 1129ರ ಧರ್ಮಸಭೆ ಸೇರಿದ್ದೂ ತ್ರುವಾದಲ್ಲೇ.

ಎರಡನೆಯ ತಿಬೊ ಇಂಗ್ಲೆಂಡನ್ನು ಗೆದ್ದ ವಿಲಿಯಮನ ಮೊಮ್ಮಗ, ತಾಯಿ ಅಡೆಲಳ ಕಡೆಯಿಂದ. 1135ರಲ್ಲಿ ಇಂಗ್ಲೆಂಡಿನ ಸಿಂಹಾಸನ ತೆರವಾದಾಗ ಅದು ಹಿರಿಯನಾದ ತನಗೆ ಬರಬಹುದೆಂಬ ಲೆಕ್ಕ ಅವನಿಗಿತ್ತು. ಆದರೆ ತಮ್ಮ ಸ್ಟೀಫನ್ ಮೊದಲೇ ಸಮುದ್ರ ದಾಟಿ ಕಿರೀಟ ಧರಿಸಿದ. ತಿಬೊ ತನ್ನ ಸೀಮೆಯಲ್ಲೇ ಉಳಿದ. ಶಾಂಪೇನಿಗೆ ಅದೇ ಒಳ್ಳೆಯದಾಯಿತು ಎನ್ನಬೇಕು. ಅಲ್ಲಲ್ಲಿ ಮೊದಲೇ ನಡೆಯುತ್ತಿದ್ದ ಸಂತೆಗಳು ಒಂದು ವ್ಯವಸ್ಥೆಯಾಗಿ ರೂಪುಗೊಂಡದ್ದು ಇವನ ಕೈಯಲ್ಲಿ.

ಇವನ ಬುದ್ಧಿ ಎಂಥದೆಂಬುದಕ್ಕೆ 1148ರ ಸುಮಾರಿನ ಒಂದು ಪ್ರಕರಣವಿದೆ. ವೆಜಲೆಯಿಂದ ಶಾಂಪೇನಿನ ಪ್ರೊವಾಂ ಸಂತೆಗೆ ಹೊರಟಿದ್ದ ಹಣ ವಿನಿಮಯದ ವ್ಯಾಪಾರಿಗಳನ್ನು ದಾರಿಯಲ್ಲಿ ದೋಚಲಾಯಿತು. ದೋಚಿದ್ದು ರಾಜನ ಹೆದ್ದಾರಿಯಲ್ಲಿ, ಕೌಂಟನ ನೆಲದಲ್ಲಲ್ಲ. ರಾಜ ಕ್ರುಸೇಡಿಗೆ, ಅಂದರೆ ಪವಿತ್ರ ಭೂಮಿಯ ಧರ್ಮಯುದ್ಧಕ್ಕೆ ಹೋಗಿದ್ದ ಕಾರಣ ಆಡಳಿತ ನೋಡುತ್ತಿದ್ದ ಮಠಾಧಿಪತಿ ಸ್ಯುಜೇರನಿಗೆ ತಿಬೊ ಕಾಗದ ಬರೆದು, ಕಳೆದುಕೊಂಡವರಿಗೆ ಪರಿಹಾರ ಸಿಗಲೇಬೇಕೆಂದು ಪಟ್ಟುಹಿಡಿದ. ಇಂಥದ್ದನ್ನು ಸಹಿಸಿದರೆ ತನ್ನ ಸಂತೆಗಳೇ ಮುಳುಗುತ್ತವೆ ಎಂಬುದು ಅವನ ವಾದ. ಸಂತೆಗೆ ಬರುವವನ ಜೀವ ಮತ್ತು ಗಂಟಿಗೆ ಊರ ಗಡಿಯಾಚೆಯೂ ತಾನೇ ಹೊಣೆ ಎಂದು ಒಬ್ಬ ಒಡೆಯ ನಿಂತದ್ದು ಆ ಕಾಲಕ್ಕೆ ಹೊಸದು. 1209ರಲ್ಲಿ ರಾಜ ಫಿಲಿಪ್ ಆಗಸ್ಟಸ್ ಕೂಡ ಶಾಂಪೇನಿಗೆ ಹೋಗಿಬರುವ ವರ್ತಕರಿಗೆ ತನ್ನ ರಸ್ತೆಗಳಲ್ಲಿ ರಕ್ಷಣೆಯ ಭರವಸೆ ಕೊಟ್ಟ.

ತಿಬೊನ ಕಾಲದ ಅತ್ಯಂತ ಕೆಟ್ಟ ಘಟನೆ ನಡೆದದ್ದು ವಿತ್ರಿಯಲ್ಲಿ. ರಾಜನ ಬಂಧು ವೆರ್ಮಾಂದುವಾದ ರೌಲ್, ತಿಬೊನ ಬಂಧುವಾದ ತನ್ನ ಹೆಂಡತಿಯನ್ನು ಬಿಟ್ಟು ರಾಣಿ ಎಲಿನಾರಳ ತಂಗಿಯನ್ನು ಮದುವೆಯಾದ. ಜಗಳ ಯುದ್ಧವಾಯಿತು. 1143ರ ಸುಮಾರಿಗೆ ಏಳನೆಯ ಲೂಯಿಯ ಸೈನಿಕರು ಹಚ್ಚಿದ ಬೆಂಕಿ ವಿತ್ರಿಯ ಚರ್ಚಿಗೂ ಹಬ್ಬಿ, ಅದರೊಳಗೆ ಅಡಗಿದ್ದ ಸಾವಿರಕ್ಕೂ ಹೆಚ್ಚು ಜನ ಸುಟ್ಟುಹೋದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಲೂಯಿ ಎರಡನೆಯ ಕ್ರುಸೇಡಿಗೆ ಹೊರಡಲು ಈ ಪಾಪಭೀತಿಯೂ ಒಂದು ಕಾರಣವೆನ್ನುತ್ತಾರೆ. ಊರಿಗೆ ಮುಂದೆ ಸುಟ್ಟ ವಿತ್ರಿ ಎಂದೇ ಹೆಸರಾಯಿತು.

1152ರಲ್ಲಿ ತಿಬೊ ತೀರಿಕೊಂಡಾಗ ಆದ ಪಾಲು ಗಮನಿಸಬೇಕಾದದ್ದು. ಮನೆತನದ ಮೂಲ ಆಸ್ತಿಯಾದ ಬ್ಲುವಾ ಎರಡನೆಯ ಮಗನಿಗೆ, ಸಾಂಸೇರ್ ಮೂರನೆಯವನಿಗೆ, ಶಾಂಪೇನ್ ಹಿರಿಯ ಮಗ ಆನ್ರಿಗೆ. ಒಂದು ತಲೆಮಾರಿನ ಹಿಂದೆ ಕಿರಿಯರ ಪಾಲಿಗೆ ಬರುತ್ತಿದ್ದ ಸೀಮೆಯನ್ನು ಈಗ ಹಿರಿಯ ಆರಿಸಿಕೊಂಡ. ಬೆಲೆ ಬದಲಾಗಿತ್ತು.

ಉದಾರಿ ಎಂದು ಹೆಸರಾದ ಮೊದಲನೆಯ ಆನ್ರಿ (1152–1181) ಈ ವಂಶದ ಅತ್ಯಂತ ಸಮರ್ಥ ಆಡಳಿತಗಾರ. ಅವನ ನೆಂಟಸ್ತಿಕೆಯ ಜಾಲ ಸಿಕ್ಕುಸಿಕ್ಕಾದದ್ದು. ಅವನು ಏಳನೆಯ ಲೂಯಿ ಮತ್ತು ಎಲಿನಾರಳ ಮಗಳು ಮರೀಯನ್ನು ಮದುವೆಯಾದ. ಅವನ ತಂಗಿ ಅದೇ ಲೂಯಿಗೆ ಮೂರನೆಯ ಹೆಂಡತಿಯಾದಳು. ರಾಜ ಹೀಗೆ ಮಾವನೂ ಹೌದು, ಭಾವನೂ ಹೌದು. ಆ ತಂಗಿಯ ಮಗನೇ ಫಿಲಿಪ್ ಆಗಸ್ಟಸ್. ಇನ್ನೊಬ್ಬ ತಮ್ಮ ರಾಂಸ್‌ನ ಆರ್ಚ್‌ಬಿಷಪ್ ಆದ.

ಆನ್ರಿಯ ಸೀಮೆ ಒಂದೇ ಹಾಸಿನ ರಾಜ್ಯವಾಗಿರಲಿಲ್ಲ. ರಾಂಸ್, ಶಾಲೋಂ, ಲಾಂಗ್ರ್‌ನಂಥ ದೊಡ್ಡ ಊರುಗಳು ಬಿಷಪರ ಕೈಯಲ್ಲಿದ್ದವು. ಕೌಂಟ್ ತನ್ನ ನೆಲದ ಒಂದೊಂದು ತುಂಡನ್ನು ಒಬ್ಬೊಬ್ಬರಿಂದ ಪಡೆದಿದ್ದ: ರಾಜನಿಂದ, ಬರ್ಗಂಡಿಯ ಡ್ಯೂಕನಿಂದ, ರಾಂಸ್ ಮತ್ತು ಸಾನ್ಸ್‌ನ ಆರ್ಚ್‌ಬಿಷಪರಿಂದ, ಸಂತ ಡೆನಿಸನ ಮಠದಿಂದ. ಈ ಚದುರಿದ ತುಂಡುಗಳನ್ನು ಹಿಡಿದಿಟ್ಟದ್ದು ಕಡತ. 1178ರ ಹೊತ್ತಿಗೆ ಆನ್ರಿ ತನ್ನ ಸಾಮಂತರ ಪಟ್ಟಿ ಬರೆಸಿದ. ಯಾವ ಕೋಟೆಯ ಸುತ್ತ ಯಾರ ಜಹಗೀರು, ಯಾರು ವರ್ಷದಲ್ಲಿ ಎಷ್ಟು ಕಾಲ ಕೋಟೆ ಕಾವಲಿಗೆ ಬರಬೇಕು ಎಂದು ಸುಮಾರು 1,900 ನೈಟ್‌ಗಳ, ಅಂದರೆ ಕುದುರೆ ಸವಾರ ಯೋಧರ, ಹೆಸರು ಅದರಲ್ಲಿತ್ತು. ಅವನ ನಂತರದವರೂ ಇಂಥ ದಫ್ತರವನ್ನು ಆಗಾಗ ಹೊಸದು ಮಾಡಿಸಿದರು. ರಾಜನ ಕಚೇರಿಯೇ ಲೆಕ್ಕಪತ್ರದಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲವದು.

ತ್ರುವಾದಲ್ಲಿ ಆನ್ರಿ ಹೊಸ ಅರಮನೆ ಕಟ್ಟಿಸಿ, ಅದಕ್ಕೆ ಹೊಂದಿಕೊಂಡಂತೆ ಸಂತ ಎಟಿಯೆನ್‌ನ ಚರ್ಚನ್ನು 1157ರಲ್ಲಿ ಸ್ಥಾಪಿಸಿದ. ಅವನ ಔದಾರ್ಯದ ಒಂದು ಕತೆಯನ್ನು ಶಾಂಪೇನಿನವನೇ ಆದ ಚರಿತ್ರೆಕಾರ ಝ್ವಾಂವಿಲ್ ಬರೆದಿಟ್ಟಿದ್ದಾನೆ. ಹಬ್ಬದ ದಿನ ಕೌಂಟ್ ಪೂಜೆಗೆಂದು ಆ ಚರ್ಚಿನ ಮೆಟ್ಟಿಲಿಳಿದು ಬರುವಾಗ ಬಡ ನೈಟ್ ಒಬ್ಬ ಮಂಡಿಯೂರಿ, ಪಕ್ಕದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳ ಮದುವೆಗೆ ನೆರವು ಬೇಡಿದ. ಕೌಂಟನ ಹಿಂದೆ ಬರುತ್ತಿದ್ದ ಆರ್ತೊ ಎಂಬ ಸಾಹುಕಾರ, ಖಜಾನೆಯ ವ್ಯವಹಾರ ನೋಡುತ್ತಿದ್ದವನು, ಒಡೆಯರು ಈಗಾಗಲೇ ಕೊಟ್ಟು ಕೊಟ್ಟು ಬರಿಗೈಯಾಗಿದ್ದಾರೆ, ಇನ್ನು ಕೊಡಲು ಏನೂ ಉಳಿದಿಲ್ಲ ಎಂದು ನಡುವೆ ಬಾಯಿ ಹಾಕಿದ. ಆನ್ರಿ ತಿರುಗಿ, ಅದು ಸುಳ್ಳು, ಕೊಡಲು ನೀನೇ ಇದ್ದೀಯಲ್ಲ ಎಂದು ಆರ್ತೊನನ್ನೇ ಆ ನೈಟ್‌ಗೆ ದಾನ ಮಾಡಿಬಿಟ್ಟ. ನೈಟ್ ತಡಮಾಡಲಿಲ್ಲ. ಸಾಹುಕಾರನ ಮೇಲಂಗಿ ಹಿಡಿದು, ಐನೂರು ಲೀವ್ರ್ ಕೊಡುವ ಮಾತು ಪಡೆದೇ ಬಿಟ್ಟ. ಝ್ವಾಂವಿಲ್ ಇದನ್ನು ಮೆಚ್ಚುಗೆಯಿಂದ ಹೇಳುತ್ತಾನೆ. ಆರ್ತೊ ಬರೆದಿದ್ದರೆ ಕತೆಯ ದನಿ ಬೇರೆಯಿರುತ್ತಿತ್ತು. ಕುಲದಲ್ಲಿ ಕೆಳಗಿನವನಾದರೂ ಕೋಟೆ ಕಟ್ಟಿಸುವಷ್ಟು ಹಣ ಮಾಡಿದ ವರ್ತಕ, ಮೇಲುಕುಲದವನಾದರೂ ಮಗಳ ಮದುವೆಗೆ ಕಾಸಿಲ್ಲದ ನೈಟ್, ಇಬ್ಬರನ್ನೂ ಕೈಯಲ್ಲಿಟ್ಟುಕೊಂಡ ಕೌಂಟ್: ಆ ಕಾಲದ ಶಾಂಪೇನಿನ ಸಮಾಜ ಈ ಮೆಟ್ಟಿಲ ಮೇಲೆ ಒಟ್ಟಿಗೆ ಕಾಣುತ್ತದೆ.

ಕೌಂಟಸ್ ಮರೀಯ ಆಸ್ಥಾನ ಸಾಹಿತ್ಯಕ್ಕೆ ಹೆಸರಾಗಿತ್ತು. ಆರ್ಥರ್ ರಾಜನ ವೀರರ ಕಾವ್ಯಗಳನ್ನು ಬರೆದ ಕ್ರೆತಿಯಾಂ ದ ತ್ರುವಾ ಲ್ಯಾನ್ಸ್‌ಲಾಟನ ಕತೆಯ ವಸ್ತು ಆಕೆಯಿಂದಲೇ ಬಂದದ್ದೆಂದು ಹೇಳಿಕೊಂಡಿದ್ದಾನೆ. ತ್ರುವಾದ ಹಿರಿಮೆ ಅಷ್ಟಕ್ಕೇ ಸೀಮಿತವಲ್ಲ. ಹೀಬ್ರೂ ಬೈಬಲಿಗೂ ಟಾಲ್ಮುಡಿಗೂ ವ್ಯಾಖ್ಯಾನ ಬರೆದ ಯಹೂದಿ ಪಂಡಿತ ರಾಶಿ (1040–1105) ಬಾಳಿದ್ದು ಇದೇ ಊರಿನಲ್ಲಿ. ಇಂದಿಗೂ ಜಗತ್ತಿನೆಲ್ಲೆಡೆ ಯಹೂದಿ ವಿದ್ಯಾರ್ಥಿಗಳು ಮೂಲದ ಜೊತೆ ಓದುವುದು ಅವನ ವ್ಯಾಖ್ಯಾನವನ್ನೇ.

ಇನ್ನು ಸಂತೆಗಳ ವಿಚಾರ. ಇವು ಒಂದು ದಿನದ ವಾರದ ಸಂತೆಗಳಲ್ಲ, ಒಂದೊಂದೂ ಆರೇಳು ವಾರ ನಡೆಯುವಂಥವು. ವರ್ಷಕ್ಕೆ ಆರು, ನಾಲ್ಕು ಊರುಗಳಲ್ಲಿ ಸರದಿಯಂತೆ. ಜನವರಿಯಲ್ಲಿ ಲಾನ್ಯಿ, ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲಕ್ಕೆ ಬಾರ್-ಸುರ್-ಓಬ್, ಮೇ ತಿಂಗಳಲ್ಲಿ ಪ್ರೊವಾಂ, ಬೇಸಿಗೆಯಲ್ಲಿ ತ್ರುವಾದ ಬಿಸಿ ಸಂತೆ, ಸೆಪ್ಟೆಂಬರಿನಲ್ಲಿ ಮತ್ತೆ ಪ್ರೊವಾಂ, ವರ್ಷದ ಕೊನೆಗೆ ತ್ರುವಾದ ಚಳಿ ಸಂತೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರು. ಹಾಗಾಗಿ ವರ್ಷವಿಡೀ ಈ ಸೀಮೆಯ ಎಲ್ಲೋ ಒಂದು ಕಡೆ ವ್ಯಾಪಾರ ನಡೆದೇ ಇರುತ್ತಿತ್ತು.

ಪ್ರತಿ ಸಂತೆಗೂ ಒಂದು ಕ್ರಮವಿತ್ತು. ಮೊದಲ ವಾರ ಗಾಡಿ ಇಳಿಸಿ ಮಳಿಗೆ ಜೋಡಿಸಿಕೊಳ್ಳಲು. ಆ ದಿನಗಳಲ್ಲಿ ಬರುವ ಸರಕಿಗೆ ಸುಂಕವಿಲ್ಲ. ಆಮೇಲೆ ಹತ್ತು ದಿನ ಬಟ್ಟೆ. ಈಪ್ರ್, ಗೆಂಟ್, ಅರಾಸ್‌ನಂಥ ಊರುಗಳ ಉಣ್ಣೆ ಬಟ್ಟೆ ಇಲ್ಲಿ ಬಿಕರಿಯಾಗಿ ಇಟಲಿಯ ದಾರಿ ಹಿಡಿಯುತ್ತಿತ್ತು. ಹತ್ತನೆಯ ದಿನದ ಸಂಜೆ ಸಂತೆಯ ಜವಾನರು 'ಆರೆ! ಆರೆ!' ಎಂದು ಕೂಗುತ್ತ ಬೀದಿಯಲ್ಲಿ ನಡೆದರೆ ಬಟ್ಟೆ ಮಾರಾಟ ಮುಗಿದಂತೆ. ಬಳಿಕ ತೊಗಲಿನ ಸರದಿ, ಅದರ ಜೊತೆ ಜೊತೆಗೆ ತೂಕದ ಸರಕು: ಸಕ್ಕರೆ, ಬಣ್ಣದ ಸಾಮಾನು, ಆಲಂ, ಮೇಣ, ಸಾಂಬಾರ ಪದಾರ್ಥ. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಏಡನ್, ಅಲೆಕ್ಸಾಂಡ್ರಿಯಾ, ಜಿನೋವಾ ಎಂದು ಕೈಯಿಂದ ಕೈಗೆ ದಾಟುತ್ತ ಬಂದು ಈ ತಕ್ಕಡಿಗೆ ಬೀಳುತ್ತಿತ್ತು. ಚಿನ್ನ ಬೆಳ್ಳಿ ತೂಗುವ ಟ್ರಾಯ್ ಔನ್ಸ್‌ಗೆ ಆ ಹೆಸರು ತ್ರುವಾದಿಂದ ಬಂತೆಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು.

ಕೊನೆಯ ವಾರಗಳು ಲೆಕ್ಕ ತೀರಿಸುವುದಕ್ಕೆ. ವ್ಯಾಪಾರಿಗಳು ಪ್ರತಿ ಕೊಡುಕೊಳ್ಳುವಿಕೆಗೂ ನಾಣ್ಯ ಎಣಿಸುತ್ತಿರಲಿಲ್ಲ. ಕೊಟ್ಟದ್ದನ್ನೂ ಕೊಂಡದ್ದನ್ನೂ ಬರೆದಿಟ್ಟು, ಒಂದಕ್ಕೊಂದು ವಜಾ ಹಾಕಿ, ಉಳಿದ ಬಾಕಿಯನ್ನಷ್ಟೇ ಪಾವತಿ ಮಾಡುತ್ತಿದ್ದರು, ಇಲ್ಲವೇ ಮುಂದಿನ ಸಂತೆಗೆ ಸಾಗಹಾಕುತ್ತಿದ್ದರು. ಸಿಯೆನಾ, ಫ್ಲಾರೆನ್ಸ್, ಪಿಯಾಚೆಂಜಾದ ಲೇವಾದೇವಿಗಾರರು ಬೆಂಚಿನ ಮೇಲೆ ಕೂತು ಹುಂಡಿಯಂಥ ಪತ್ರಗಳನ್ನು ಬರೆದುಕೊಡುತ್ತಿದ್ದರು. 13ನೆಯ ಶತಮಾನದ ಹೊತ್ತಿಗೆ ಸರಕಿಗಿಂತ ಸಾಲದ ವ್ಯವಹಾರವೇ ಇಲ್ಲಿ ಹೆಚ್ಚಾಯಿತು. ದೂರದೂರುಗಳ ಸಾಲಕ್ಕೂ ಪ್ರೊವಾಂ ಸಂತೆಯ ದಿನವೇ ವಾಯಿದೆ. ಪ್ರೊವಾಂ ಟಂಕಸಾಲೆಯ ನಾಣ್ಯಕ್ಕೆ ಎಂಥ ಬೆಲೆಯಿತ್ತೆಂದರೆ, ರೋಮಿನ ಸೆನೆಟ್ 12ನೆಯ ಶತಮಾನದ ಕೊನೆಯಲ್ಲಿ ಅದೇ ಮಾದರಿಯ ನಾಣ್ಯ ಹೊರಡಿಸಿತು.

ಇದೆಲ್ಲ ನಡೆದದ್ದು ಕೌಂಟ್ ನೇಮಿಸಿದ ಸಂತೆಯ ಪಾಲಕರ ಬಲದಿಂದ. ಅವರು ಜಗಳ ಬಗೆಹರಿಸುತ್ತಿದ್ದರು, ಕರಾರಿಗೆ ಮುದ್ರೆ ಒತ್ತುತ್ತಿದ್ದರು. ಸಾಲಗಾರ ಓಡಿಹೋದರೆ ಅವನ ಊರಿನ ಅಧಿಕಾರಿಗಳಿಗೆ ಕಾಗದ ಹೋಗುತ್ತಿತ್ತು. ಆ ಊರು ಜಪ್ಪಯ್ಯ ಎನ್ನದಿದ್ದರೆ ಅಲ್ಲಿನ ಎಲ್ಲ ವರ್ತಕರಿಗೂ ಸಂತೆಯ ಬಾಗಿಲು ಬಂದ್. ಇದಕ್ಕಿಂತ ಪರಿಣಾಮಕಾರಿ ವಸೂಲಿ ಇನ್ನೊಂದಿರಲಿಲ್ಲ. ಒಬ್ಬನ ಬಾಕಿಗಾಗಿ ಇಡೀ ಊರಿನ ವ್ಯಾಪಾರ ಬಲಿಕೊಡಲು ಯಾವ ನಗರಸಭೆಯೂ ತಯಾರಿರಲಿಲ್ಲ. ಕೌಂಟನಿಗೆ ಸಿಗುತ್ತಿದ್ದುದು ಸುಂಕ, ಮಳಿಗೆ ಬಾಡಿಗೆ, ತೂಕದ ಕೂಲಿ, ಮುದ್ರೆಯ ಶುಲ್ಕ. ಅವನು ಮಾರುತ್ತಿದ್ದುದು ಭರವಸೆಯನ್ನು.

ಮೊದಲನೆಯ ಆನ್ರಿ ಪವಿತ್ರ ಭೂಮಿಯಿಂದ ಮರಳುವಾಗ ಏಷ್ಯಾ ಮೈನರಿನಲ್ಲಿ ಸೆರೆಸಿಕ್ಕಿ, ಬಿಡುಗಡೆಯಾಗಿ ಊರು ಮುಟ್ಟಿದ ಕೂಡಲೇ 1181ರಲ್ಲಿ ತೀರಿಕೊಂಡ. ಅಲ್ಲಿಂದ ಮುಂದೆ ಕ್ರುಸೇಡ್ ಈ ಮನೆಗೆ ಶಾಪದಂತೆ ಅಂಟಿಕೊಂಡಿತು. ಮಗ ಎರಡನೆಯ ಆನ್ರಿ 1190ರಲ್ಲಿ ಮೂರನೆಯ ಕ್ರುಸೇಡಿಗೆ ಹೋದವನು ಹಿಂದಿರುಗಲಿಲ್ಲ. 1192ರಲ್ಲಿ ಜೆರುಸಲೇಮಿನ ರಾಣಿ ಇಸಾಬೆಲ್ಲಳ ಗಂಡ ಕೊಲೆಯಾದ ಒಂದೇ ವಾರದಲ್ಲಿ ಆಕೆಯ ಕೈಹಿಡಿದ. 1197ರಲ್ಲಿ ಆಕ್ರಾದ ಅರಮನೆಯ ಕಿಟಕಿಯಿಂದ ಬಿದ್ದು ಸತ್ತ. ಉಳಿದದ್ದು ಇಬ್ಬರು ಹೆಣ್ಣುಮಕ್ಕಳು. ಅವರನ್ನು ಬದಿಗಿಟ್ಟು ಕೌಂಟಿಯನ್ನು ತಮ್ಮ ಮೂರನೆಯ ತಿಬೊ ವಹಿಸಿಕೊಂಡ. ಅವನೂ ನಾಲ್ಕನೆಯ ಕ್ರುಸೇಡಿನ ಮುಂದಾಳಾಗಬೇಕಿದ್ದವನು, ಹೊರಡುವ ಮೊದಲೇ 1201ರ ಮೇ ತಿಂಗಳಲ್ಲಿ ತೀರಿಕೊಂಡ. ಆ ದಂಡಿನ ಜೊತೆ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗಿ ಅದರ ಚರಿತ್ರೆ ಬರೆದ ವಿಲಾರ್ದುವಾಂ ಶಾಂಪೇನಿನ ಮಾರ್ಷಲ್.

ಮೂರನೆಯ ತಿಬೊ ಸತ್ತ ಕೆಲವೇ ದಿನಕ್ಕೆ ಹೆಂಡತಿ ನವಾರ್‌ನ ಬ್ಲಾಂಶ್ ಗಂಡುಮಗು ಹೆತ್ತಳು. ಮುಂದಿನ 21 ವರ್ಷ ಕೌಂಟಿಯನ್ನು ನಡೆಸಿದವಳು ಆಕೆ. ಈ ವಂಶದ ಚರಿತ್ರೆಯಲ್ಲಿ ಬ್ಲಾಂಶಳಿಗೆ ಸಲ್ಲಬೇಕಾದಷ್ಟು ಜಾಗ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡನೆಯ ಆನ್ರಿಯ ಮಗಳು ಫಿಲಿಪ್ಪಳನ್ನು ಮದುವೆಯಾಗಿ ಬಂದ ಎರಾರ್ ದ ಬ್ರಿಯೆನ್, ಸೀಮೆ ತನ್ನ ಹೆಂಡತಿಗೆ ಸೇರಬೇಕೆಂದು 1216ರಲ್ಲಿ ಕತ್ತಿ ಹಿರಿದ. ಹಲವು ಸಾಮಂತರು ಅವನ ಪಕ್ಷ ವಹಿಸಿದರು. ಬ್ಲಾಂಶ್ ಪೋಪನ ಬೆಂಬಲ ಗಳಿಸಿದಳು, ರಾಜನ ಸಭೆಯಲ್ಲಿ ತೀರ್ಪು ತನ್ನ ಕಡೆ ಬರುವಂತೆ ನೋಡಿಕೊಂಡಳು, ಎದುರಾಳಿಗೆ ನೆರವಾದ ಲೋರೆನ್ ಡ್ಯೂಕನ ನಾನ್ಸಿ ಪಟ್ಟಣವನ್ನು 1218ರಲ್ಲಿ ಸುಡಿಸಿದಳು. 1222ರ ಹೊತ್ತಿಗೆ ಎದುರಾಳಿಗಳು ಹಣ ಪಡೆದು ಹಕ್ಕು ಬಿಟ್ಟುಕೊಟ್ಟರು. ಬೆಂಬಲಕ್ಕೆ ತೆತ್ತ ಬೆಲೆಯೆಂದರೆ, ಕೌಂಟಿಯ ಒಳಜಗಳಕ್ಕೆ ರಾಜನೇ ನ್ಯಾಯಾಧೀಶ ಎಂಬುದು ಸ್ಥಿರವಾದದ್ದು.

ನಾಲ್ಕನೆಯ ತಿಬೊ ತಾಯಿಯಷ್ಟು ಗಟ್ಟಿಗನಲ್ಲ. ಹಾಡುಗಾರ ಎಂದೇ ಅವನ ಬಿರುದು. ಫ್ರೆಂಚಿನಲ್ಲಿ ಅವನ ಅರವತ್ತಕ್ಕೂ ಹೆಚ್ಚು ಹಾಡುಗಳು ಉಳಿದಿವೆ. 1226ರಲ್ಲಿ ಎಂಟನೆಯ ಲೂಯಿಯ ಆವಿನ್ಯೋಂ ಮುತ್ತಿಗೆಗೆ ಹೋಗಿ, ಸಾಮಂತಧರ್ಮದ ನಲವತ್ತು ದಿನ ಮುಗಿದ ಕೂಡಲೇ ಎದ್ದು ಬಂದ. ಸ್ವಲ್ಪ ಕಾಲದಲ್ಲೇ ರಾಜ ಭೇದಿಯಿಂದ ಸತ್ತಾಗ ತಿಬೊ ವಿಷ ಹಾಕಿದನೆಂಬ ಪುಕಾರು ಹಬ್ಬಿತು. ಅವನಿಗೆ ವಿಧವೆ ರಾಣಿಯ ಮೇಲೆ ಮೋಹವಿತ್ತೆಂಬ ಗಾಳಿಮಾತೂ ಸೇರಿಕೊಂಡಿತು. 1230ರಲ್ಲಿ ಇತರ ಒಡೆಯರು ಒಟ್ಟಾಗಿ ಶಾಂಪೇನಿನ ಮೇಲೆ ಬಿದ್ದರು. ಶತ್ರುವಿಗೆ ದವಸ ಸಿಗಬಾರದೆಂದು ತಿಬೊ ಎಪೆರ್ನೆ, ವೆರ್ತು, ಸೆಜಾನ್ ಪಟ್ಟಣಗಳಿಗೆ ತಾನೇ ಬೆಂಕಿಯಿಡಿಸಿದ. ತ್ರುವಾ ಉಳಿದದ್ದು, ಊರವರು ಹೇಳಿಕಳುಹಿಸಿದ ಮೇಲೆ ಝ್ವಾಂವಿಲ್‌ನ ತಂದೆ ಸಿಮೋನ್ ರಾತ್ರೋರಾತ್ರಿ ದಂಡು ತಂದು ಒಳಹೊಕ್ಕದ್ದರಿಂದ.

1234 ಅವನಿಗೆ ಕೊಟ್ಟು ಕಿತ್ತುಕೊಂಡ ವರ್ಷ. ಮಕ್ಕಳಿಲ್ಲದ ಸೋದರಮಾವ ಸಾಂಚೊ ತೀರಿಕೊಂಡು ನವಾರ್ ರಾಜ್ಯ ಕೈಗೆ ಬಂತು, ಕೌಂಟ್ ರಾಜನಾದ. ಅದೇ ಹೊತ್ತಿಗೆ ಎರಡನೆಯ ಆನ್ರಿಯ ಹಿರಿಮಗಳು, ಸೈಪ್ರಸ್ಸಿನ ರಾಣಿ ಆಲಿಸ್, ತನ್ನ ಹಕ್ಕು ಕೇಳಿಕೊಂಡು ಬಂದಳು. ಆಕೆಗೆ 40,000 ಲೀವ್ರ್ ಇಡಿಗಂಟು ಮತ್ತು ವರ್ಷಾಸನ ಕೊಟ್ಟು ಕಳುಹಿಸಬೇಕಾಯಿತು. ಹಣವಿರಲಿಲ್ಲ, ಬ್ಲುವಾ, ಶಾರ್ತ್ರ್, ಸಾಂಸೇರ್, ಶಾತೊದಾಂ ಮೇಲಿನ ಒಡೆತನವನ್ನು ರಾಜ ಒಂಬತ್ತನೆಯ ಲೂಯಿಗೆ ಮಾರಿ ಹಣ ಹೊಂದಿಸಿದ. ಇನ್ನೂರು ವರ್ಷ ರಾಜನನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿದ್ದ ಇಕ್ಕಳದ ಒಂದು ಕಾಲು ಹೀಗೆ ಕಳಚಿತು. 1239ರಲ್ಲಿ ಮೋಂತೆಮೆ ಬೆಟ್ಟದಲ್ಲಿ ಕಾಥರ್ ಪಂಥದ 183 ಮಂದಿಯನ್ನು ಧರ್ಮದ್ರೋಹಿಗಳೆಂದು ಜೀವಂತ ಸುಟ್ಟದ್ದೂ ಈ ಕವಿಯ ಆಳ್ವಿಕೆಯಲ್ಲೇ. ಪ್ರೊವಾಂನ ಕೆಂಪು ಗುಲಾಬಿಯನ್ನು ಕ್ರುಸೇಡಿನಿಂದ ತಂದವನು ಅವನೆಂಬುದು ಊರಿನ ಐತಿಹ್ಯ, ಆಧಾರ ತೆಳು.

1253ರಲ್ಲಿ ಅವನ ಮಗ ಐದನೆಯ ತಿಬೊ ಪಟ್ಟಕ್ಕೆ ಬಂದು, ಸಂತನೆನಿಸಿದ ಲೂಯಿಯ ಮಗಳನ್ನು ಮದುವೆಯಾದ. ಮಾವನ ಜೊತೆ ಟ್ಯೂನಿಸ್ ಕ್ರುಸೇಡಿಗೆ ಹೋಗಿ, ಮರಳುವ ದಾರಿಯಲ್ಲಿ 1270ರಲ್ಲಿ ಸಿಸಿಲಿಯ ಟ್ರಪಾನಿಯಲ್ಲಿ ಕಾಲವಾದ. ಮಕ್ಕಳಿರಲಿಲ್ಲ. ತಮ್ಮ ಮೂರನೆಯ ಆನ್ರಿ ನಾಲ್ಕು ವರ್ಷ ಆಳಿದ. ಅವನ ಎಳೆಯ ಮಗ ಎಸ್ತೆಯಾ ಕೋಟೆಯ ಮೇಲಿನಿಂದ ಬಿದ್ದು ಸತ್ತಿದ್ದ. 1274ರಲ್ಲಿ ಆನ್ರಿಯೂ ಹೋದಾಗ ಉಳಿದವಳು ಒಂದೂವರೆ ವರ್ಷದ ಝಾನ್. ಮಗುವನ್ನು ಎತ್ತಿಕೊಂಡು ತಾಯಿ ಫ್ರಾನ್ಸಿನ ರಾಜನ ಆಶ್ರಯಕ್ಕೆ ಬಂದಳು, ಮಗಳನ್ನು ರಾಜಕುಮಾರನಿಗೆ ಕೊಡುವ ಒಪ್ಪಂದವಾಯಿತು. ತಾಯಿ ಇಂಗ್ಲೆಂಡಿನ ರಾಜನ ತಮ್ಮ ಎಡ್ಮಂಡನನ್ನು ಮರುಮದುವೆಯಾದಳು. ಕೆಲವು ವರ್ಷ ಶಾಂಪೇನಿನ ಆಡಳಿತ ನೋಡಿದವನು ಅವನೇ. 1280ರಲ್ಲಿ ಪ್ರೊವಾಂನ ಮೇಯರ್ ನೇಯ್ಗೆ ಕೆಲಸಗಾರರ ದುಡಿಮೆಯನ್ನು ದಿನಕ್ಕೊಂದು ಗಂಟೆ ಹೆಚ್ಚಿಸಿದ. ಜನ ದಂಗೆಯೆದ್ದು ಅವನನ್ನು ಕೊಂದರು. ಎಡ್ಮಂಡ್ ದಂಗೆಯನ್ನು ಕಠಿಣವಾಗಿ ಅಡಗಿಸಿದ.

1284ರಲ್ಲಿ 11 ವರ್ಷದ ಝಾನ್‌ಗೂ ಯುವರಾಜ ಫಿಲಿಪ್‌ಗೂ ಮದುವೆಯಾಯಿತು. ಮರುವರ್ಷ ಅವನು ನಾಲ್ಕನೆಯ ಫಿಲಿಪ್ ಆಗಿ ಸಿಂಹಾಸನವೇರಿದ. ಒಂದು ಕತ್ತಿಯೂ ಒರೆಯಿಂದ ಹೊರಬರದೆ ಶಾಂಪೇನ್ ರಾಜಮನೆತನದ ಮಡಿಲಿಗೆ ಬಿತ್ತು. ಕಾಗದದ ಮೇಲೆ ಮಾತ್ರ ಅದು ಝಾನ್‌ಳ ಸ್ವತ್ತಾಗಿಯೇ ಉಳಿಯಿತು. ಝ್ವಾಂವಿಲ್‌ನಿಂದ ಸಂತ ಲೂಯಿಯ ಚರಿತ್ರೆ ಬರೆಸಿದವಳು, ಪ್ಯಾರಿಸ್ಸಿನಲ್ಲಿ ನವಾರ್ ಕಾಲೇಜಿಗೆ ಆಸ್ತಿ ಬಿಟ್ಟವಳು ಈಕೆ. 1305ರಲ್ಲಿ ಆಕೆ ಸತ್ತ ಮೇಲೆ ತ್ರುವಾದ ಬಿಷಪ್ ಗಿಷಾರ್, ಮೇಣದ ಗೊಂಬೆಗೆ ಚುಚ್ಚಿ ಮಾಟದಿಂದ ರಾಣಿಯನ್ನು ಕೊಂದನೆಂಬ ಆರೋಪ ಹೊತ್ತು ವರ್ಷಗಟ್ಟಲೆ ಸೆರೆಯಲ್ಲಿದ್ದ.

ಸಂತೆಗಳಿಗೂ ಇಳಿಗಾಲ ಬಂದಿತ್ತು. 1277ರ ಹೊತ್ತಿಗೆ ಜಿನೋವಾದ ಹಡಗುಗಳು ಜಿಬ್ರಾಲ್ಟರ್ ದಾಟಿ ನೇರವಾಗಿ ಫ್ಲಾಂಡರ್ಸ್ ಮುಟ್ಟಿದವು. ಇಟಲಿಯ ದೊಡ್ಡ ಸಂಸ್ಥೆಗಳು ಪ್ಯಾರಿಸ್, ಬ್ರೂಜ್, ಲಂಡನ್ನಿನಲ್ಲಿ ಕಾಯಂ ಗುಮಾಸ್ತರನ್ನಿಟ್ಟು, ವರ್ಷಕ್ಕೆ ಆರು ಸಲ ಗಾಡಿ ಕಟ್ಟುವ ತೊಂದರೆ ತಪ್ಪಿಸಿಕೊಂಡವು. ಇದಷ್ಟೇ ಆಗಿದ್ದರೆ ಸಂತೆಗಳು ಇನ್ನೂ ಸ್ವಲ್ಪ ಕಾಲ ಉಸಿರಾಡುತ್ತಿದ್ದವೇನೋ. ಫಿಲಿಪ್ ಫ್ಲಾಂಡರ್ಸಿನ ಮೇಲೆ ಯುದ್ಧ ಹೂಡಿ ಅಲ್ಲಿನ ವರ್ತಕರನ್ನು ಓಡಿಸಿದ, ಇಟಲಿಯವರ ಮೇಲೆ ತೆರಿಗೆ ಹೇರಿದ, ನಾಣ್ಯದ ಬೆಲೆ ಕೆಡಿಸಿದ, 1306ರಲ್ಲಿ ಯಹೂದಿಗಳ ಆಸ್ತಿ ಕಸಿದು ದೇಶದಾಚೆ ಅಟ್ಟಿದ. ದರೋಡೆಯಾದ ವ್ಯಾಪಾರಿಗಾಗಿ ಕಾಗದ ಬರೆದು ಪಟ್ಟುಹಿಡಿದ ಒಡೆಯನ ಜಾಗಕ್ಕೆ, ವ್ಯಾಪಾರಿಯನ್ನೇ ಹಿಂಡುವ ಒಡೆಯ ಬಂದಿದ್ದ. 14ನೆಯ ಶತಮಾನದ ನಡುವಿಗೆ ಶಾಂಪೇನಿನ ಸಂತೆಗಳು ಸುತ್ತಲಿನ ಹಳ್ಳಿಗಳ ಸಂತೆಗಳಾಗಿ ಉಳಿದವು.

ಝಾನ್‌ಳ ಮಗ ಹತ್ತನೆಯ ಲೂಯಿ 1314ರಲ್ಲಿ ರಾಜನಾದಾಗ ಕೌಂಟನೂ ರಾಜನೂ ಒಬ್ಬನೇ ಆದ. 1316ರಲ್ಲಿ ಅವನು ಸತ್ತ. ಆಮೇಲೆ ಹುಟ್ಟಿದ ಅವನ ಗಂಡುಮಗು ಕೆಲವೇ ದಿನ ಬದುಕಿತು. ಮಗಳು, ಎರಡನೆಯ ಝಾನ್‌ಗೆ ಫ್ರಾನ್ಸಿನ ಕಿರೀಟ ಹೆಣ್ಣೆಂಬ ಕಾರಣಕ್ಕೆ ತಪ್ಪಿತು. ಆದರೆ ಶಾಂಪೇನ್ ಹೆಣ್ಣುಮಕ್ಕಳಿಗೆ ಸಲ್ಲುವ ಸೀಮೆ. ಅವಳ ಅಜ್ಜಿಗೆ ಹಾಗೆಯೇ ಬಂದಿತ್ತು. ಅದನ್ನೂ ಚಿಕ್ಕಪ್ಪಂದಿರು ಬಿಡಲಿಲ್ಲ. ನವಾರ್ ಮಾತ್ರ 1328ರಲ್ಲಿ ಅವಳಿಗೆ ಸಿಕ್ಕಿತು. ಪ್ಯಾರಿಸ್ಸಿನ ಬಾಗಿಲಲ್ಲಿರುವ ಶಾಂಪೇನ್ ಇನ್ನೊಬ್ಬ ರಾಜನ ಕೈಗೆ ಹೋಗುವುದು ಆರನೆಯ ಫಿಲಿಪ್‌ಗೆ ಬೇಕಿರಲಿಲ್ಲ. ಬದಲಿಗೆ ಅಂಗುಲೆಮ್, ಮೊರ್ತಾಂ ಮುಂತಾದ ಜಾಗಗಳನ್ನು ಕೊಟ್ಟು 1330ರ ದಶಕದಲ್ಲಿ ಹಕ್ಕು ಬಿಡಿಸಿಕೊಂಡ. ಆ ಅಸಮಾಧಾನ ಆಕೆಯ ಮಗ, ದುಷ್ಟ ಎಂದು ಹೆಸರಾದ ಚಾರ್ಲ್ಸನಲ್ಲಿ ಹೊಗೆಯಾಡಿ ನೂರು ವರ್ಷದ ಯುದ್ಧದ ಕಾಲದಲ್ಲಿ ಫ್ರಾನ್ಸನ್ನು ಕಾಡಿತು. 1361ರಲ್ಲಿ ರಾಜ ಎರಡನೆಯ ಜಾನ್, ಶಾಂಪೇನನ್ನು ಫ್ರಾನ್ಸಿನ ಕಿರೀಟಕ್ಕೆ ಶಾಶ್ವತವಾಗಿ ಸೇರಿಸಿ ಆಜ್ಞೆ ಹೊರಡಿಸಿದ. ಅಂದಿನಿಂದ ಶಾಂಪೇನ್ ಒಂದು ಪ್ರಾಂತ.

ತ್ರುವಾದಲ್ಲಿ ಕೌಂಟರ ಅರಮನೆಯೂ, ಆರ್ತೊ ಕೈಬದಲಾದ ಸಂತ ಎಟಿಯೆನ್‌ನ ಚರ್ಚೂ ಈಗಿಲ್ಲ; ಚರ್ಚನ್ನು ಫ್ರೆಂಚ್ ಕ್ರಾಂತಿಯ ನಂತರ ಕೆಡವಲಾಯಿತು. ಪ್ರೊವಾಂನಲ್ಲಿ ಹೆಚ್ಚು ಉಳಿದಿದೆ: 12ನೆಯ ಶತಮಾನದ ಎಂಟುಮೂಲೆಯ ಗೋಪುರ, ಕೋಟೆಗೋಡೆ, ವರ್ತಕರು ಸರಕಿಡುತ್ತಿದ್ದ ಕಮಾನಿನ ನೆಲಮಾಳಿಗೆಗಳು. ಸಂತೆಯ ಪಟ್ಟಣವೆಂಬ ಕಾರಣಕ್ಕೇ ಯುನೆಸ್ಕೋ 2001ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.